ನನ್ನ ಚುಕ್ಕೆಯ ಎರಡನೇ ಗೆರೆ

ಇದನ್ನು ನಾನು ಅದೇ ದಿನ ಡೈರಿಯಲ್ಲಿ ಬರೆದಿಟ್ಟೆ, ಹಾಗಾಗಿ ನೆನಪು ತಪ್ಪಿರಲಾರದು.

ಆ ಭಾನುವಾರ ಮನೆಯವರ ಇಮೇಲ್‌ಗಳನ್ನೆಲ್ಲ ಸೇರಿಸಿ, ಸುಮ್ಮನೆ ಹುಚ್ಚಿಗೆ, ಕೋಣೆಯ ಕಂಪ್ಯೂಟರಿನಲ್ಲಿ ಒಂದು ನಕ್ಷೆ ಮಾಡಿದ್ದೆ. ಒಬ್ಬೊಬ್ಬರಿಗೆ ಒಂದು ಚುಕ್ಕೆ, ಪತ್ರ ಬರೆದುಕೊಂಡವರ ನಡುವೆ ಒಂದು ಗೆರೆ. ನನ್ನ ಚುಕ್ಕೆಗೆ ಇದ್ದದ್ದು ಒಂದೇ ಗೆರೆ, ಅದೂ ಎರಡು ವರ್ಷದ ಹಿಂದೆ ತೀರಿಕೊಂಡ ದೊಡ್ಡಪ್ಪನ ಕಡೆಗೆ.

“ಮದುವೆ ಮನೇಲಿ ಕೂತ ಹಾಗೆ ಇಲ್ಲೂ ಮೂಲೆ ಹಿಡಿದಿದ್ದೀಯಲ್ಲೇ ಅಕ್ಕಾ,” ಎಂದ ತಮ್ಮ.

ನಕ್ಕೆ, ಆದರೆ ಒಳಗೆ ಚುರುಕ್ಕೆಂದಿತು. ಒಬ್ಬಳಾದರೂ ಗೆಳತಿ ಬೇಕೆಂದು ಡೈರಿಯಲ್ಲಿ ಎಷ್ಟು ಸಲ ಬರೆದಿದ್ದೆನೋ.

ಊಟ ಮುಗಿಸಿ ಬರುವಾಗ ಕೋಣೆಯಿಂದ ಟಕ್... ಟಕ್... ಎಂದು ಸದ್ದು ಬರುತ್ತಿತ್ತು. ದೊಡ್ಡಪ್ಪ ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದದ್ದು ಹೀಗೆಯೇ. ಒಳಗೆ ಯಾರೂ ಇರಲಿಲ್ಲ. ಕುರ್ಚಿ ಮಾತ್ರ ಬೆಚ್ಚಗಿತ್ತು. ನನ್ನ ಚುಕ್ಕೆಯಿಂದ ಗುರುತಿಲ್ಲದ ಒಂದು ವಿಳಾಸಕ್ಕೆ ಎರಡನೇ ಗೆರೆ ಮೂಡಿತ್ತು.

“ಇದನ್ನ ನೀನೇ ಎಳೆದಿದ್ದಾ?” ಎಂದು ತಮ್ಮನನ್ನು ಕೇಳಿದೆ.

“ನಂಗೆ ಅದರ ತಲೆಬುಡ ಗೊತ್ತಿಲ್ಲ ಕಣೇ. ಬರೆದು ನೋಡು, ಅವರೇನು ಕಚ್ತಾರಾ?”

ಬರೆದೆ. ಐದೇ ನಿಮಿಷಕ್ಕೆ ಉತ್ತರ ಬಂತು: “ನಿಮ್ಮ ದೊಡ್ಡಪ್ಪನ ಆಫೀಸಿನ ಟೈಪಿಸ್ಟ್ ಒಬ್ಬರ ಮಗಳು ನಾನು. ನೀವು ಬರೀತೀರಿ ಅಂತ ನಿಮ್ಮ ದೊಡ್ಡಪ್ಪನೇ ಈಗಷ್ಟೇ ಪತ್ರ ಕಳಿಸಿ ತಿಳಿಸಿದರು. ಮೊದಲು ಮಾತಾಡೋಕೆ ನಂಗೂ ಹೆದರಿಕೆ.”

ಈಗ ನಾವಿಬ್ಬರೂ ಕೂತರೆ ಹೊಟ್ಟೆ ಹುಣ್ಣಾಗುವಷ್ಟು ನಗು. ದೊಡ್ಡಪ್ಪನ ಆ ಪತ್ರವನ್ನು ಅವಳು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಅದರ ಮೇಲೆ ಅದೇ ಭಾನುವಾರ ಮಧ್ಯಾಹ್ನದ ಸಮಯವಿದೆ. ಕೊನೆಯ ಸಾಲು ಹೀಗಿದೆ: “ಮೂಲೆ ಹಿಡಿದಿದ್ದಾಳೆ ಅಂತ ಅವಳ ತಮ್ಮ ಈಗತಾನೇ ಆಡಿಕೊಂಡ, ಬೇಗ ಮಾತಾಡಿಸಮ್ಮ.”