ಮುಂದಿನ ವಾರ ಮುಕ್ತಾಯ

ಶಿವರಂಜಿನಿ ತನ್ನ ಜನ್ಮದಲ್ಲಿ ಪೂರ್ತಿ ಓದಿ ಮುಗಿಸಿದ ಮೊದಲ ಕಾದಂಬರಿಗೆ ಕೊನೆಯೇ ಇರಲಿಲ್ಲ.

ಶನಿವಾರ ಬೆಳಗ್ಗೆ ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತುವಾಗ ಪುಸ್ತಕ ಬ್ಯಾಗಿನಲ್ಲಿತ್ತು, ಸಿಟ್ಟು ಮೂಗಿನ ತುದಿಯಲ್ಲಿತ್ತು. ಅದು ಅಂಗಡಿಯಲ್ಲಿ ಸಿಗುವ ಪುಸ್ತಕವಲ್ಲ. ವಾರಪತ್ರಿಕೆಯಲ್ಲಿ ಬಂದ ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಬಿಡಿಸಿಟ್ಟು, ಗೋಣಿದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿದ ಕಟ್ಟು. ಓದುವ ಗೀಳಿದ್ದ ಮನೆಗಳಲ್ಲಿ ಆಗೆಲ್ಲ ಇಂಥದ್ದೊಂದು ಇದ್ದೇ ಇರುತ್ತಿತ್ತು. ಇದನ್ನು ಹೊಲಿದವರು ಹರವೆ ಎಂಬ ಊರಿನ ಗುರುಮಲ್ಲಮ್ಮ. ಶಿವರಂಜಿನಿಗೆ ಓದಲು ಕೊಟ್ಟವನು ಅವರ ಮಗ ಗುರುಪಾದಸ್ವಾಮಿ.

ಕಟ್ಟಿನ ಕೊನೆಯ ಪುಟದಲ್ಲಿ ಕಥೆಯ ನಾಯಕಿ ಮೈಥಿಲಿ ರೈಲಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೂ ಬಾರದ ಪ್ರಿಯಕರನಿಗಾಗಿ ಪ್ಲಾಟ್‌ಫಾರಂ ಕಡೆ ತಿರುಗಿ ನೋಡುತ್ತಾಳೆ. ಅದರ ಕೆಳಗೆ 'ಮುಂದಿನ ವಾರ ಮುಕ್ತಾಯ' ಎಂದು ಅಚ್ಚಾಗಿತ್ತು. ಆಮೇಲೆ ಬರೀ ರಟ್ಟು.

ಗುರುಪಾದ ಗುಂಡ್ಲುಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಚಾಮರಾಜನಗರದ ಅಕ್ಕನ ಮನೆಯಿಂದ ಓಡಾಡುತ್ತಿದ್ದ. ಶಿವರಂಜಿನಿ ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಒಂದೇ ಬಸ್ಸು. ಅವಳು ಹೆಂಗಸರ ಸೀಟಿನ ಕಿಟಕಿ ಪಕ್ಕ ಕೂತರೆ ಅವನು ಸರಿಯಾಗಿ ಅದರ ಹಿಂದಿನ ಸೀಟು ಹಿಡಿಯುತ್ತಿದ್ದ. ಸೀಟಿಗೂ ಕಿಟಕಿಗೂ ನಡುವಿನ ಸಂದಿಯಲ್ಲೇ ಅವರ ಮಾತು. ಮುಖ ನೋಡಬೇಕೆಂದರೆ ಕಿಟಕಿಯ ಗಾಜಿನಲ್ಲಿ ನೋಡಬೇಕು. ಗಾಜಿನಲ್ಲಿ ಕಣ್ಣು ಕೂಡಿದ ಕೂಡಲೇ ಇಬ್ಬರೂ ಹೊರಗಿನ ಹುರುಳಿ ಹೊಲಗಳನ್ನು ಬಹಳ ಮುತುವರ್ಜಿಯಿಂದ ನೋಡುತ್ತಿದ್ದರು.

ಯಾವ ಪುಸ್ತಕ ಹಿಡಿದರೂ ಅರ್ಧಕ್ಕೇ ಬಿಡುವುದು ಶಿವರಂಜಿನಿಯ ಚಾಳಿ. ಮನೆಯ ಗೂಡಿನ ತುಂಬ ಮೂಲೆ ಮಡಿಸಿದ ಪುಸ್ತಕಗಳು. ಕೊನೆ ಹತ್ತಿರ ಬಂದಂತೆ ಅವಳಿಗೆ ಭಯವಾಗುತ್ತಿತ್ತು, ಎಲ್ಲಿ ಕೆಡಿಸಿಬಿಡುತ್ತಾರೋ ಅಂತ. ಅದಕ್ಕೆ ಗುರುಪಾದ ಒಂದು ಉಪಾಯ ಹೂಡಿದ. ನಡುದಾರಿಯ ತೆರಕಣಾಂಬಿ ಬರುವವರೆಗೆ ಇಬ್ಬರೂ ತುಟಿ ಬಿಚ್ಚದೆ ಓದಬೇಕು. ತೆರಕಣಾಂಬಿಯಿಂದ ಗುಂಡ್ಲುಪೇಟೆವರೆಗೆ ಓದಿದ್ದನ್ನು ಒಬ್ಬರಿಗೊಬ್ಬರು ಹೇಳಬೇಕು. ಓದದಿದ್ದರೆ ಮಾತಿಲ್ಲ.

ಆ ಮಾತಿಗಾಗಿ ಅವಳು ಓದಿದಳು. ನಿಜ ಹೇಳಬೇಕೆಂದರೆ ಅವಳಿಗೆ ಬೇಕಾಗಿದ್ದು ಅವನ ದನಿ. ಪುಸ್ತಕ ಅದಕ್ಕೊಂದು ನೆಪ.

"ಇದರ ಕೊನೆ ಇದೆಯಲ್ಲ, ಯಾರಿಗಾದ್ರೂ ಕಣ್ಣಲ್ಲಿ ನೀರು ಬರ್ಬೇಕು. ಅದಕ್ಕಾದ್ರೂ ಮುಗಿಸ್ರೀ" ಎಂದು ಮೈಥಿಲಿಯ ಕಥೆ ಕೊಟ್ಟಿದ್ದ. ಅದಾಗಿ ಕೆಲವು ದಿನಕ್ಕೆ ಸಂದಿಯಿಂದ ಬೇರೆಯೇ ಮಾತು ಬಂತು. "ನಮ್ಮವ್ವನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ?"

ಶಿವರಂಜಿನಿ ಕೈಯಲ್ಲಿದ್ದ ಪುಸ್ತಕವನ್ನು ತಟ್ಟನೆ ಮುಚ್ಚಿದಳು. ಬಾಯಿಗೆ ಬಂದದ್ದನ್ನು ಆಡಿಬಿಟ್ಟಳು. "ಇದನ್ನ ಮುಗಿಸಿ ಹೇಳ್ತೀನಿ."

ಆಮೇಲೆ ಅವನು ಮತ್ತೆ ಕೇಳಲಿಲ್ಲ. ಪುಸ್ತಕ ಎಲ್ಲಿಗೆ ಬಂತು ಅಂತಲೂ ಕೇಳಲಿಲ್ಲ. ಈ ನಡುವೆ ಮೈಸೂರಿನ ಕಡೆಯಿಂದ ಒಂದು ಗಂಡಿನ ಸಂಬಂಧ ಬಂತು. ಭಾನುವಾರ ಮಧ್ಯಾಹ್ನದ ರೈಲಿಗೆ ಹೆಣ್ಣು ನೋಡಲು ಬರುತ್ತಾರೆಂದು ಮಾತಾಯಿತು. ಅವಳ ಅಪ್ಪ ಚೆಲುವಯ್ಯ ಒಂದೇ ಮಾತು ಹೇಳಿದ್ದರು. "ನಿನ್ ಮನಸಲ್ಲಿ ಏನಾದ್ರೂ ಇದ್ರೆ ಅವ್ರು ಬರಕ್ ಮುಂಚೆ ಹೇಳ್ಬುಡು ಮಗಾ. ಬಂದ್ ಕೂತ್ಮೇಲೆ ನನ್ ಮರ್ವಾದಿ ತೆಗೀಬ್ಯಾಡ."

ಹಾಗಾಗಿ ಅವಳು ಹಟಕ್ಕೆ ಬಿದ್ದು ಓದಿ ಮುಗಿಸಿದಳು. ಮುಗಿಸಿದರೆ ರಟ್ಟು.

ಅಂದು ಅವಳು ಮಾಮೂಲಿ ಸೀಟಿಗೆ ಹೋಗಲಿಲ್ಲ. ಡ್ರೈವರ್ ಪಕ್ಕದ ಉದ್ದ ಸೀಟಿನಲ್ಲಿ ಸೇವಂತಿಗೆ ಹೂವಿನ ಮಂಕರಿ ಬುಟ್ಟಿ ಇಟ್ಟುಕೊಂಡಿದ್ದ ಅಜ್ಜಿಯೊಬ್ಬಳ ಜೊತೆ ಕೂತಳು. ಕಂಡಕ್ಟರ್ ದೊಡ್ಡಬೀರಯ್ಯ ಪಾಸು ನೋಡುತ್ತ ಹಲ್ಲುಕಿರಿದ.

"ಏನ್ ಮೇಡಂ, ಇವತ್ತು ಕಥೆಗೆ ರಜವಾ?"

"ಕಥೆ ಮುಗೀತು" ಎಂದಳು ಶಿವರಂಜಿನಿ, ಹಿಂದಿನವರಿಗೂ ಕೇಳುವ ಹಾಗೆ.

ತೆರಕಣಾಂಬಿಯಲ್ಲಿ ಜನ ಇಳಿದ ಮೇಲೆ ಗುರುಪಾದ ಕಂಬಿ ಹಿಡಿದುಕೊಂಡು ಮುಂದೆ ಬಂದ. ನಗಲು ನೋಡಿದ, ಆಗಲಿಲ್ಲ.

"ಮುಗೀತಾ?"

"ರಟ್ಟಿನವರೆಗೂ ಓದ್ದೆ. ಕೊನೇ ಕಂತು ಎಲ್ಲಿ?"

ಅವನ ಮುಖ ಇಳಿದುಹೋಯಿತು. ಅಂದರೆ ಇವನಿಗೆ ಗೊತ್ತಿತ್ತು!

"ಇಳಿದ್ಮೇಲೆ ಹೇಳ್ತೀನಿ" ಎಂದ.

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಮುಂದೆ ಕೇರಳಕ್ಕೆ ಹೋಗುವ ತರಕಾರಿ ಲಾರಿಗಳು ಸಾಲುಗಟ್ಟಿದ್ದವು. ಆ ಸದ್ದಿನಲ್ಲಿ ಅವನು ತಲೆ ಬಗ್ಗಿಸಿಕೊಂಡು ಹೇಳಿದ.

ಗುರುಮಲ್ಲಮ್ಮನಿಗೆ ಓದು ಬಾರದು. ಕಾಲೇಜು ಓದುವಾಗ ಪ್ರತಿ ವಾರ ಅವನೇ ಅವ್ವನಿಗೆ ಧಾರಾವಾಹಿ ಓದಿ ಹೇಳುತ್ತಿದ್ದ. ಬರಬರುತ್ತ ನೆರೆಯ ರಾಚಮ್ಮ ಬಂದಳು, ಅವಳ ಹಿಂದೆ ಬೀದಿಯ ಹೆಂಗಸರೆಲ್ಲ ಬಂದರು. ಮುಕ್ತಾಯದ ವಾರ, ಪತ್ರಿಕೆಯ ಬಂಡಲೇ ಊರಿಗೆ ಬರಲಿಲ್ಲ.

"ಜಗಲಿ ತುಂಬ ಜನ ಕೂತಿದ್ರು. ಅವ್ವ ಬೇಗ ಬೇಗ ಮುದ್ದೆ ಮಾಡಿಟ್ಟು ಬಂದು ಕಾಯ್ತಾ ಇದ್ಲು. ಬಂದಿಲ್ಲ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ಹಿಂದಿನ ವಾರದ್ದೇ ಹಿಡ್ಕೊಂಡು ಬಾಯಿಗೆ ಬಂದದ್ದು ಓದ್ಬಿಟ್ಟೆ. ಮೈಥಿಲಿ ರೈಲಿಂದ ಇಳೀತಾಳೆ. ಅವನು ಓಡಿ ಬರ್ತಾನೆ. ರೈಲು ಹೊರಟೋಗುತ್ತೆ. ಇಬ್ರೂ ಖಾಲಿ ಪ್ಲಾಟ್‌ಫಾರಂ ಬೆಂಚಲ್ಲಿ ಕಡ್ಲೆಕಾಯಿ ತಿಂತಾ ಕೂತ್ಕೋತಾರೆ. ಎಲ್ರೂ ಅತ್ರು. ಹರವೇಲಿ ಇವತ್ತಿಗೂ ಅದೇ ಕೊನೆ."

"ನಿಜವಾದ ಕೊನೆ?"

"ಓದಿಲ್ಲ. ಬೇರೆ ಥರ ಇದ್ರೆ ಅಂತ ಹುಡುಕೋಕೂ ಹೋಗ್ಲಿಲ್ಲ."

"ನಾನು ಮುಗಿಸಿ ಹೇಳ್ತೀನಿ ಅಂದಾಗಾದ್ರೂ ಹೇಳ್ಬಹುದಿತ್ತಲ್ಲ?"

"ನೀವು ಅಲ್ಲೀವರೆಗೂ ಬರ್ತೀರಿ ಅಂದ್ಕೊಂಡಿರ್ಲಿಲ್ಲ. ಅರ್ಧಕ್ಕೇ ಬಿಡ್ತೀರಿ, ಅದೇ ನಿಮ್ಮ ಉತ್ತರ ಅಂದ್ಕೊಂಡೆ."

ಈ ಮಾತು ಚುಚ್ಚಿತು. ಸುಳ್ಳಿಗಿಂತ ಹೆಚ್ಚು ಚುಚ್ಚಿತು. ಅಷ್ಟು ದಿನ ಬೆನ್ನ ಹಿಂದೆ ಕೂತು ಹುರಿದುಂಬಿಸಿದವನಿಗೇ ತನ್ನ ಮೇಲೆ ನಂಬಿಕೆ ಇರಲಿಲ್ಲ. ಹೆತ್ತ ತಾಯಿಗೇ ಇಲ್ಲದ್ದನ್ನು ಓದಿ ಹೇಳಿದವನು ನಾಳೆ ತನಗೆ ಏನೇನು ಓದಿ ಹೇಳುತ್ತಾನೋ? ಮೈಸೂರಿನವನ ಬಗ್ಗೆ ಏನೂ ಗೊತ್ತಿಲ್ಲ. ಇವನ ಬಗ್ಗೆ ಗೊತ್ತಾಗಿದ್ದು ಇದು.

ಕಣ್ಣಲ್ಲಿ ಬಂದ ನೀರನ್ನು ಅವನಿಗೆ ತೋರಿಸಬಾರದೆಂದು ಅವಳು ಲಾರಿಗಳ ಕಡೆ ತಿರುಗಿದಳು. "ಬೆಳಗಿನ ಸ್ಕೂಲು ಬಿಟ್ಮೇಲೆ ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗ್ತೀನಿ. ನೀವೂ ಬನ್ನಿ. ಕೊನೇ ಕಂತು ಹುಡುಕೋಣ. ನಾನು ಮುಗಿಸೇ ಮುಗಿಸ್ತೀನಿ."

ಅವನು ಡ್ಯೂಟಿ ಬದಲಾಯಿಸಿಕೊಂಡು ಬಂದ. ವಾಪಸ್ ಬಸ್ಸಿನಲ್ಲಿ ಅವಳ ಹಿಂದಿನ ಸೀಟು ಖಾಲಿಯಿದ್ದರೂ ಅಲ್ಲಿ ಕೂರಲು ಅವನಿಗೆ ಧೈರ್ಯ ಬರಲಿಲ್ಲ. ತೆರಕಣಾಂಬಿ ದಾಟಿತು. ಇಬ್ಬರಲ್ಲಿ ಯಾರೂ ಮಾತಾಡಲಿಲ್ಲ.

ಚಾಮರಾಜನಗರದ ಲೈಬ್ರರಿಯಲ್ಲಿ ಹಳೇ ವಾರಪತ್ರಿಕೆಗಳನ್ನು ವರ್ಷವಾರು ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದರು. ನೋಡಿಕೊಳ್ಳುತ್ತಿದ್ದ ಮಂಟೇಸ್ವಾಮಿ ಏಣಿ ತೋರಿಸಿದ. "ನೀವೇ ಅತ್ತಿ ಇಳ್ಸ್ಕಳಿ. ಬ್ಯಾಗ ಆಗ್ಬೇಕು, ಬೀಗ ಆಕ್ಬೇಕು ನಾನು."

ಗುರುಪಾದ ಕಟ್ಟುಗಳನ್ನು ಇಳಿಸಿದ. ತಲೆಯ ತುಂಬ ಧೂಳು, ಹುಬ್ಬಿನ ಮೇಲೆ ಜೇಡರ ಬಲೆ. ಬೇರೆ ದಿನವಾಗಿದ್ದರೆ ಶಿವರಂಜಿನಿ ನಗುತ್ತಿದ್ದಳು. ಈಗ ಕೈ ಚಾಚಿ ಆ ಬಲೆ ತೆಗೆಯಬೇಕೆನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಹುಡುಕುತ್ತಿದ್ದ ಸಂಚಿಕೆ ಅವಳ ಕೈಗೇ ಸಿಕ್ಕಿತು. ನಿಂತಲ್ಲೇ ಓದಿದಳು. ಅವನು ಕಂತನ್ನು ನೋಡಲಿಲ್ಲ, ಅವಳ ಕಣ್ಣು ಸಾಲಿನಿಂದ ಸಾಲಿಗೆ ಇಳಿಯುವುದನ್ನೇ ನೋಡುತ್ತ ನಿಂತ.

ಮೈಥಿಲಿ ರೈಲು ಹತ್ತಿಬಿಟ್ಟಿದ್ದಳು. ಆತ ಪ್ಲಾಟ್‌ಫಾರಂಗೆ ಬರುವ ದಾರಿಯಲ್ಲಿ ಲಾರಿಗೆ ಸಿಕ್ಕಿ ಎರಡನೇ ಕಾಲಮ್ಮಿನಲ್ಲೇ ಸತ್ತಿದ್ದ. ಉಳಿದ ಪುಟದಲ್ಲಿ ಮೈಥಿಲಿ ಹಣೆಗೆ ವಿಭೂತಿ ಇಟ್ಟುಕೊಂಡು ಅನಾಥಾಶ್ರಮ ತೆರೆದಿದ್ದಳು.

ಇದಕ್ಕಾ ನಾನು ನಿದ್ದೆಗೆಟ್ಟು ಓದಿದ್ದು? ಅವಳಿಗೆ ಆ ಲೇಖಕನನ್ನು ಏಣಿ ಹತ್ತಿಸಿ ಏಣಿ ತೆಗೆದುಬಿಡಬೇಕೆನ್ನಿಸಿತು.

"ಏನಾಗುತ್ತೆ?" ಎಂದ ಗುರುಪಾದ.

ಅವಳು ಕಟ್ಟು ಮುಚ್ಚಿದಳು. "ನಾಳೆ ಬೆಳಗ್ಗೆ ನಿಮ್ಮವ್ವನ್ನ ಕರ್ಕೊಂಡು ಬನ್ನಿ. ಅವರ ಹತ್ರಾನೇ ಹೇಳ್ತೀನಿ."

"ಅವ್ವನ ಹತ್ರ ಬೇಡ. ಅವ್ಳು ಇಷ್ಟು ವರ್ಷ..."

"ಬರೋದಾದ್ರೆ ಮಧ್ಯಾಹ್ನದೊಳಗೆ ಬನ್ನಿ. ಮೈಸೂರಿಂದ ನನ್ನ ನೋಡೋಕೆ ಬರ್ತಿದ್ದಾರೆ, ಆಮೇಲೆ ಬಂದು ಪ್ರಯೋಜನ ಇಲ್ಲ."

ಹಾಗೆಂದು ಬಂದವಳಿಗೆ ತಾನು ಏನು ಹೇಳಬೇಕೆಂದು ತನಗೇ ಗೊತ್ತಿರಲಿಲ್ಲ. ಅವನು ಬರದೇ ಹೋದರೆ ಎಲ್ಲ ಅಲ್ಲಿಗೆ ಮುಗಿಯಿತು. ಬಂದರೆ ಅವನ ಸುಳ್ಳನ್ನು ಅವನ ತಾಯಿಯ ಮುಂದೆ ಬಿಚ್ಚಬೇಕು, ಇಲ್ಲವೇ ತಾನೂ ಸುಳ್ಳಾಡಬೇಕು.

ಭಾನುವಾರ ಬೆಳಗ್ಗೆ ಮನೆಯಲ್ಲಿ ಕೇಸರಿಬಾತಿಗೆ ರವೆ ಹುರಿಯುವ ವಾಸನೆ. ಅವಳ ಅವ್ವ ಚಿಕ್ಕಬಸಮ್ಮ ಪಕ್ಕದ ಮನೆಯಿಂದ ಸ್ಟೀಲ್ ತಟ್ಟೆ ತರಲು ಹೋಗಿದ್ದರು. ಬಾಗಿಲಲ್ಲಿ ನೆರಳು ಬಿತ್ತು. ಇಸ್ತ್ರಿ ಶರ್ಟಿನ ಗುರುಪಾದ, ಅವನ ಮುಂದೆ ಕುಳ್ಳಗೆ, ಸೆರಗು ಬಿಗಿದುಕೊಂಡು ಗುರುಮಲ್ಲಮ್ಮ. ಚೆಲುವಯ್ಯ ಪೇಪರಿನಿಂದ ತಲೆಯೆತ್ತಿ ಮಗಳನ್ನು ನೋಡಿದರು. ಅವಳು ಕಣ್ಣು ತಗ್ಗಿಸಿದಳು. ಅವರಿಗೆ ಅರ್ಧ ಅರ್ಥವಾಯಿತು. "ಬನ್ನಿ, ಕೂತ್ಕಳಿ" ಎಂದರು.

"ಕೂತ್ಕತೀನಿ ಇರಿ. ಮೊದ್ಲು ಈ ಮಗೀನ್ ತಾವ ಒಂದ್ ಮಾತು ಕೇಳ್ಬೇಕು" ಎಂದು ಗುರುಮಲ್ಲಮ್ಮ ನೇರವಾಗಿ ಅಡುಗೆಮನೆಗೆ ಬಂದರು. ಹಿಂದೆ ಹೊರಬಾಗಿಲಲ್ಲೇ ಉಳಿದ ಗುರುಪಾದನ ಮುಖ ಬಿಳಿಚಿಕೊಂಡಿತ್ತು.

"ನಾನ್ ಒಲ್ದಿದ್ ಪುಸ್ತಕ ಪೂರ್ತಾ ಓದುದ್ಯಂತೆ?"

"ಹೂಂ, ಅಮ್ಮ."

"ಓದ್ನೋರ್ ಬಾಯಲ್ಲಿ ಕೇಳ್ಬೇಕು ಅಂತ ಬಂದಿ ಕಣಮ್ಮಿ. ಕೊನೇಲಿ ಏನಾಯ್ತು ಆ ಎಣ್ಗೆ?"

ಬಾಣಲೆಯಲ್ಲಿ ರವೆ ಸೀಯುತ್ತಿತ್ತು. ಶಿವರಂಜಿನಿ ಒಲೆ ಆರಿಸಿದಳು. ಲಾರಿ, ಸಾವು, ವಿಭೂತಿ ಎಲ್ಲ ನಾಲಿಗೆ ತುದಿಗೆ ಬಂತು. ಗುರುಮಲ್ಲಮ್ಮ ಕತ್ತು ಚಾಚಿ, ಬಾಯಿ ಕೊಂಚ ತೆರೆದುಕೊಂಡು ಕಾಯುತ್ತಿದ್ದರು. ಆ ಮುಖದ ಮುಂದೆ ಅದನ್ನು ಹೇಳಲು ಯಾರಿಗೆ ತಾನೇ ಬಾಯಿ ಬಂದೀತು? ಆ ಜಗಲಿಯ ಮೇಲೆ ಗುರುಪಾದನಿಗೆ ಆದದ್ದೇ ಈಗ ತನಗೂ ಆಗುತ್ತಿದೆ ಎಂದು ಅವಳಿಗೆ ಹೊಳೆಯಿತು. ಅವನ ಮೇಲಿನ ಸಿಟ್ಟು ಅಲ್ಲೇ ಕರಗಿತು.

"ರೈಲಿಂದ ಇಳಿದ್ಬಿಟ್ಲು ಅಮ್ಮ. ಅವನು ಓಡಿ ಬಂದ. ರೈಲು ಹೊರಟೋಯ್ತು. ಇಬ್ರೂ ಬೆಂಚಿನ ಮೇಲೆ ಕೂತು..."

"ಕಳ್ಳೇಕಾಯ್ ತಿಂದ್ರು."

"ಹೂಂ."

ಗುರುಮಲ್ಲಮ್ಮ ಅವಳನ್ನೇ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಮೈ ಕುಲುಕುವ ಹಾಗೆ ನಕ್ಕರು.

"ನೀನೂವೆ ಅವನ್ ಕಡೆ ಸೇರ್ಕಬುಟ್ಟೆ. ಲೇ ಅಮ್ಮಿ, ಆ ವಾರ ಅವ್ನು ಒಂದ್ ದಪಾನೂ ಆಳೆ ತಿರುವಾಕ್ನಿಲ್ಲ. ಒಂದೇ ಆಳೆ ಇಡ್ಕಂಡು ಅಷ್ಟುದ್ದ ಓದ್ದ. ನಂಗೆ ಓದಕ್ ಬರಲ್ಲ, ಕಣ್ ಕಾಣಲ್ವಾ?"

"ಮತ್ತೆ ನೀವು ಕೇಳ್ಲೇ ಇಲ್ವಾ?"

"ಯಾಕ್ ಕೇಳ್ಲಿ? ಅವ್ವ ನೊಂದ್ಕಬಾರ್ದು ಅಂತ ಅಷ್ಟೊಂದು ಬೆವೆತ್ಕಂಡು ಓದ್ತಿದ್ದ ನನ್ ಮಗ. ಆ ಕಥೆನೇ ಚೆಂದಾಗಿತ್ತು, ಬುಡು." ದನಿ ಇನ್ನೂ ತಗ್ಗಿಸಿದರು. "ನಂಗೆ ಗೊತ್ತು ಅಂತ ಅವನ್ಗೆ ಏಳ್ಬ್ಯಾಡ. ಆಮೇಕೆ ಎದ್ರುಕಂಡು ನಂಗೆ ಕತೆ ಏಳಾದೇ ಬುಟ್ಬುಡ್ತಾನ."

ಹೊರಗೆ ಬಂದು ಅವರು ಚೆಲುವಯ್ಯನ ಎದುರು ಚಾಪೆಯ ಮೇಲೆ ಗಟ್ಟಿಯಾಗಿ ಕೂತರು. "ನಿಮ್ ಮಗ್ಳು ನಮ್ಮನೇಗೆ ಬೇಕು ಕಣಣ್ಣ. ಅದ್ಕೇ ಬಂದಿ."

ಚೆಲುವಯ್ಯ ಗಡಿಯಾರ ನೋಡಿದರು, ಮಗಳನ್ನು ನೋಡಿದರು. "ಮೈಸೂರ್ನೋರು ಹೊರ್ಟ್ಬುಡ್ತಾರೆ. ಹೇಳವ್ವ, ಏನಂತೀಯೆ?"

ಗುರುಪಾದ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಹೇಳಿಬಿಟ್ರಾ ಎಂದು ಅವನ ಕಣ್ಣು ಕೇಳುತ್ತಿತ್ತು. ಇವತ್ತು ನಡುವೆ ಗಾಜಿರಲಿಲ್ಲ. ಶಿವರಂಜಿನಿ ಅವನ ಮುಖವನ್ನು ನೇರವಾಗಿ ನೋಡಿದಳು, ಕಣ್ಣು ತೆಗೆಯಲಿಲ್ಲ.

"ನಿಮ್ಮವ್ವನ್ನ ಕೇಳ್ದೆ" ಎಂದಳು ಅವನಿಗೆ. "ಕೊನೆ ಅದೇ ಅಂತೆ. ಬೆಂಚು, ಕಡ್ಲೆಕಾಯಿ. ಪುಸ್ತಕ ಮುಗೀತು."

ಪುಸ್ತಕ ಮುಗಿಸಿ ಹೇಳ್ತೀನಿ ಎಂದಿದ್ದು ಅವನಿಗೆ ನೆನಪಿತ್ತು. ಅವಳು ಅಪ್ಪನ ಕಡೆ ತಿರುಗಿದಳು.

"ಹೂಂ ಅಂತೀನಿ ಅಪ್ಪ."

ಚೆಲುವಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಅವ್ರಿಗೆ ಈಗ ಹೆಂಗಪ್ಪ ಹೇಳ್ಕಳ್ಸದು?"

"ನಂಬರ್ ಕೊಡಿ ಸಾರ್" ಎಂದ ಗುರುಪಾದ. ಮುಖದ ತುಂಬ ನಗು ಬಂದಿತ್ತು. "ಲೈನು ನಾನ್ ಕೊಡಿಸ್ತೀನಿ."

ಅವನು ನಂಬರ್ ಬರೆದುಕೊಂಡು ಎಸ್‌ಟಿಡಿ ಬೂತಿನ ಕಡೆ ಓಡಿದ. ಗುರುಮಲ್ಲಮ್ಮ ಮಗನ ಬೆನ್ನು ನೋಡುತ್ತ ಶಿವರಂಜಿನಿಗೆ ಮಾತ್ರ ಕಾಣುವ ಹಾಗೆ ಒಂದು ಕಣ್ಣು ಮಿಟುಕಿಸಿದರು. ಅವಳು ಸೀದುಹೋಗಿದ್ದ ರವೆ ಚೆಲ್ಲಿ, ಹೊಸದಾಗಿ ಹುರಿಯಲು ಒಳಗೆ ಹೋದಳು.