ಹನ್ನೆರಡನೆಯ ಬ್ಯಾಟರಿ

ಇಪ್ಪತ್ತಮೂರನೇ ತಾರೀಖು, ಮಂಗಳವಾರ, ಮಧ್ಯಾಹ್ನ ಎರಡು ಐವತ್ತಕ್ಕೆ ದೊಡ್ಡ ಉದ್ಯಾನದ ಮೇಸ್ತ್ರಿ ಠಾಣೆಯ ಮೆಟ್ಟಿಲು ಹತ್ತಿದ. ಅಂಗಿಯ ಒಂದು ತೋಳು ಹೊಗೆಗೆ ಕಪ್ಪಾಗಿತ್ತು. ಕೊಟ್ಟ ನೀರಿನಲ್ಲಿ ಅರ್ಧ ಕುಡಿದು, ಉಳಿದರ್ಧ ಮುಖಕ್ಕೆ ಎರಚಿಕೊಂಡು, ಕೂರುವ ಮೊದಲೇ ಶುರುಮಾಡಿದ.

"ಚಾರ್ಜಿಂಗ್ ಶೆಡ್ಡು ಸುಟ್ಟುಹೋಯ್ತು ಸಾರ್. ಹುಲ್ಲು ಕತ್ತರಿಸೋ ಮಷೀನಿನ ಬ್ಯಾಟರಿ ಹನ್ನೆರಡೂ ಹೋಯ್ತು. ಕಾವಲಿನ ಅಜ್ಜ ಒಳಗೇ ಮಲಗಿದ್ದ."

"ಬದುಕಿದ್ದಾನಾ?" ಇನ್ಸ್‌ಪೆಕ್ಟರ್ ಕೇಳಿದರು.

"ಉಸಿರಿದೆ. ಮಾತಿಲ್ಲ. ಬೇಲಿಯಾಚೆ ಆಸ್ಪತ್ರೆಗೆ ಸೇರಿಸಿದ್ದೀವಿ."

"ಬೆಂಕಿ ಹೇಗೆ ಹತ್ತಿತು?"

"ಇನ್ನು ಹೇಗೆ ಸಾರ್? ಸಿಗರೇಟು. ಆ ಮುದುಕನಿಗೆ ಎಷ್ಟು ಹೇಳಿದ್ರೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ."

ಬರೆಯುತ್ತಿದ್ದ ಕಾನ್‌ಸ್ಟೇಬಲ್ 'ಕಾವಲುಗಾರನ ನಿರ್ಲಕ್ಷ್ಯದಿಂದ' ಎಂದು ಮುಂದುವರಿಸಿದ್ದ. ಇನ್ಸ್‌ಪೆಕ್ಟರ್ ಆ ಸಾಲಿನ ಮೇಲೆ ಬೆರಳಿಟ್ಟರು. "ಹೊಡೆದುಹಾಕು. ಕಾರಣ ತಿಳಿದುಬರಬೇಕಿದೆ ಅಂತ ಬರೆ." ಮೂರು ಹದಿನೈದಕ್ಕೆ ಎಫ್‌ಐಆರ್ ದಾಖಲಾಯಿತು.

ಜೀಪಿನ ಹತ್ತಿರ ಒಬ್ಬ ಹೆಂಗಸು ಚಪ್ಪಲಿಯಿಲ್ಲದ ಕಾಲಲ್ಲಿ ನಿಂತಿದ್ದಳು. ಅಜ್ಜನ ಮಗಳು.

"ನಮ್ಮಪ್ಪ ಸಿಗರೇಟು ಬಿಟ್ಟು ಒಂಬತ್ತು ವರ್ಷ ಆಯ್ತು ಸಾರ್. ತಪ್ಪು ಅವನದೇ ಅಂತ ಆದ್ರೆ ಆಸ್ಪತ್ರೆ ಕಾಗದಕ್ಕೆ ಉದ್ಯಾನದ ಆಫೀಸಿನೋರು ಸಹಿ ಹಾಕಲ್ವಂತೆ. ಆಸ್ಪತ್ರೆಯೋರು ಶುಕ್ರವಾರ ಸಂಜೆವರೆಗೆ ನೋಡ್ತಾರಂತೆ, ಆಮೇಲೆ ಮನೆಗೆ ಕರ್ಕೊಂಡು ಹೋಗು ಅಂತಾರೆ. ಆ ಮೈಯನ್ನ ಮನೆಗೆ ಹೇಗೆ ಕರ್ಕೊಂಡು ಹೋಗ್ಲಿ? ಬೆಂದೋನೂ ಅವನೇ, ಬೆಂಕಿ ಇಟ್ಟೋನೂ ಅವನೇ ಅಂದ್ರೆ ನ್ಯಾಯನಾ?"

ಇನ್ಸ್‌ಪೆಕ್ಟರ್ ಶುಕ್ರವಾರ ಎಂಬುದನ್ನು ಮನಸ್ಸಿನಲ್ಲಿ ಗಂಟುಹಾಕಿಕೊಂಡರು.

ನಾಲ್ಕೂವರೆಗೆ ಇಬ್ಬರು ಪಂಚರ ಎದುರಿನಲ್ಲಿ ಸ್ಥಳ ಪಂಚನಾಮೆ ನಡೆಯಿತು. ಶೆಡ್ಡಿನ ತಗಡು ಸುರುಟಿಕೊಂಡಿತ್ತು. ಗೋಡೆಗೆ ಸಾಲಾಗಿ ಬಡಿದಿದ್ದ ಚಾರ್ಜರ್‌ಗಳು ಮೇಣದಂತೆ ಕರಗಿ ಇಳಿದಿದ್ದವು. ಅಜ್ಜನ ಮಂಚ ಬಾಗಿಲ ಬಳಿ; ಗೋಡೆ ಹೆಚ್ಚು ಸುಟ್ಟದ್ದು ಎದುರಿನ ಕೊನೆಯಲ್ಲಿ. ವಯಸ್ಸಾದ ಹೆಡ್ ಕಾನ್‌ಸ್ಟೇಬಲ್ ಮಂಡಿಯೂರಿ ಬ್ಯಾಟರಿಗಳನ್ನು ಒಂದೊಂದಾಗಿ ಹೊರಳಿಸಿದ. ಹನ್ನೊಂದು ಹೊರಗಿನಿಂದ ಬೆಂದಿದ್ದವು. ಮೂಲೆಯ ಹನ್ನೆರಡನೆಯದು ಒಳಗಿನಿಂದ ಸಿಡಿದು ಬಾಯಿ ಬಿಟ್ಟಿತ್ತು.

"ಸರ್, ಇದರ ಹೊಟ್ಟೆ ನೋಡಿ. ಒಳಗಿನ ಸೆಲ್ಲುಗಳು ಒಂದು ಉದ್ದ, ಒಂದು ಗಿಡ್ಡ. ಬೆಸುಗೆ ಕೈಯಲ್ಲಿ ಹಾಕಿದ್ದು. ನಮ್ಮತ್ತೆ ಹಳೇ ಸೀರೆ ಕೂಡಿಸಿ ಕೌದಿ ಹೊಲಿದ ಹಾಗಿದೆ."

ಮೇಸ್ತ್ರಿ ಬಗ್ಗಿ ನೋಡಿದ. "ಹೇಗಾಗುತ್ತೆ ಸಾರ್? ನಮ್ಮವೆಲ್ಲ ಹೊಸವು. ಹಳೇವು ತೆಗೆದು ಇವನ್ನ ತಂದು ಎಂಟು ತಿಂಗಳಾಗಿಲ್ಲ. ಒಂದನ್ನೂ ರಿಪೇರಿಗೆ ಕೊಟ್ಟಿಲ್ಲ."

"ಎಣಿಕೆ ಯಾವತ್ತಾದ್ರೂ ತಪ್ಪಿತ್ತಾ?"

"ಇಲ್ಲ. ಅಜ್ಜ ದಿನಾ ಬರೀತಿದ್ದ. ಹನ್ನೆರಡು ಹೊರಗೆ, ಹನ್ನೆರಡು ಒಳಗೆ."

"ಹಾಗಾದ್ರೆ ಇದು ನಿಮ್ಮದಲ್ಲ. ನಿಮ್ಮದೊಂದು ಇನ್ನೂ ಹೊರಗಿದೆ," ಎಂದರು ಇನ್ಸ್‌ಪೆಕ್ಟರ್.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಇನ್ಸ್‌ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೇಬಲ್ ಬ್ಯಾಟರಿ ಸ್ಕೂಟರ್ ರಿಪೇರಿಯ ಬೀದಿಗೆ ಹೋದರು. ಮೂರು ಅಂಗಡಿಯವರು ಗೊತ್ತಿಲ್ಲವೆಂದು ಕೈ ತಿರುವಿದರು. ನಾಲ್ಕನೆಯವನು ಸುಟ್ಟ ಪೆಟ್ಟಿಗೆಯನ್ನು ಕಂಡದ್ದೇ ಬೆಸುಗೆಯ ಬಿಸಿ ಕಡ್ಡಿಯನ್ನು ಕೆಳಗಿಟ್ಟ.

"ಬೆಸುಗೆ ನನ್ನದೇ ಸಾರ್. ಸುಳ್ಳು ಹೇಳಲ್ಲ."

"ಸೆಲ್ಲು ಎಲ್ಲಿಯವು?"

"ಗುಜರಿಗೆ ಬಿದ್ದ ಸ್ಕೂಟರಿನವು. ಹೊಸ ಬ್ಯಾಟರಿ ಬೆಲೆ ಮಷೀನಿನ ಬೆಲೆಗಿಂತ ಜಾಸ್ತಿ. ಕುದುರೆಗಿಂತ ಹುಲ್ಲೇ ದುಬಾರಿ ಆದಾಗ ಜನ ನನ್ನ ಹತ್ತಿರ ಬರ್ತಾರೆ."

"ಏನು ಹೇಳಿ ಕೊಟ್ಟೆ?"

"ನಿಧಾನದ ಚಾರ್ಜರ್‌ಗೆ ಮಾತ್ರ ಹಾಕು, ಕಣ್ಣೆದುರಲ್ಲೇ ಇಟ್ಕೋ, ಹೊಟ್ಟೆ ಉಬ್ಬಿದ್ರೆ ಮುಟ್ಟಬೇಡ ಅಂದೆ. ಎರಡೆರಡು ಸಲ ಹೇಳಿದೀನಿ."

"ಯಾರು ಅವನು?"

"ಹೆಸರು ಕೇಳಿಲ್ಲ. ಬೆರಳೆಲ್ಲ ಹಸಿರಾಗಿತ್ತು. ಕೆಲಸ ಮುಗಿಯೋವರೆಗೆ ಇಲ್ಲೇ ಕೂತಿದ್ದ. ನನ್ನ ಮೇಜಿನ ಮೇಲೆ ಚೆಲ್ಲಾಡಿದ್ದ ಸ್ಕ್ರೂಗಳನ್ನೆಲ್ಲ ಸಾಲಾಗಿ ಜೋಡಿಸಿಬಿಟ್ಟ ಸಾರ್, ನೂಲು ಹಿಡಿದ ಹಾಗೆ. ಹೆಂಡತಿಗೂ ತೋರಿಸಿದೆ ಅದನ್ನ."

ಗುರುವಾರ ಉದ್ಯಾನದ ಕೆಲಸದ ಪುಸ್ತಕ ತರಿಸಿ ನೋಡಿದಾಗ ಸಂಗತಿ ತೆರೆದುಕೊಂಡಿತು. ಎರಡು ವರ್ಷದ ಹಿಂದೆ, ಸದ್ದು ಮತ್ತು ಹೊಗೆ ರೋಗಿಗಳಿಗೆ ಆಗದೆಂದು ಆಸ್ಪತ್ರೆಯವರು ಅರ್ಜಿ ಕೊಟ್ಟು, ಪೆಟ್ರೋಲ್ ಯಂತ್ರಗಳನ್ನು ನಿಲ್ಲಿಸಿದ್ದರು. ಕಾಯಂ ಕೆಲಸಗಾರರಿಗೆ ಆಫೀಸೇ ಬ್ಯಾಟರಿ ಯಂತ್ರ ಕೊಟ್ಟಿತು. ತುಂಡು ಲೆಕ್ಕದಲ್ಲಿ ದುಡಿಯುವ ಐವರು ಮಾಲಿಗಳಿಗೆ, ನಿಮ್ಮದನ್ನು ನೀವೇ ಕೊಳ್ಳಿ ಎಂದಿತು. ನಾಲ್ಕು ಗಂಟೆಯೊಳಗೆ ತಮ್ಮ ಪಾಲಿನ ಹುಲ್ಲಿನ ತುಂಡು ಮುಗಿಯದಿದ್ದರೆ ಆ ದಿನಕ್ಕೆ ಅರ್ಧ ಎಂದು ಬರೆಯುತ್ತಾರೆ. ಹನ್ನೆರಡು ಅರ್ಧ ಬಿದ್ದರೆ ತುಂಡು ಇನ್ನೊಬ್ಬನ ಪಾಲು.

ಆಸ್ಪತ್ರೆ ಬೇಲಿಯ ಪಕ್ಕದ ತುಂಡಿಗೆ ಹನ್ನೊಂದು ಅರ್ಧ ಬಿದ್ದಿತ್ತು. ಒಂಬತ್ತನೇ ತಾರೀಖಿನಿಂದ ಎಲ್ಲ ಪೂರ್ತಿ.

"ಇದು ಯಾರದು?"

"ನೂಲುಗಣ್ಣನದು ಸಾರ್. ಅವನು ಕತ್ತರಿಸಿದ ಅಂಚು ನೂಲು ಹಿಡಿದ ಹಾಗಿರುತ್ತೆ, ಅದಕ್ಕೇ ಆ ಹೆಸರು. ಪಾಪ, ಅವನ ಬ್ಯಾಟರಿ ಹದಿನೆಂಟು ನಿಮಿಷಕ್ಕೇ ಕೈ ಎತ್ತಿಬಿಡ್ತಿತ್ತು. ಮಧ್ಯದಲ್ಲಿ ಮಷೀನು ನಿಲ್ಲಿಸ್ಕೊಂಡು ಮಕ್ಕಳ ಹಾಗೆ ಅಳೋನು. ಕುಡುಗೋಲಲ್ಲಿ ಮುಗಿಸೋಕೆ ಹೋಗಿ ಅಂಗೈ ಕಿತ್ತುಕೊಂಡ." ಮೇಸ್ತ್ರಿ ಪುಸ್ತಕ ಮುಚ್ಚಿದ. "ಸಾರ್, ಅವನಾಗಿರಲಾರ. ಅಜ್ಜ ಅಂದ್ರೆ ಅವನಿಗೆ ಪ್ರಾಣ."

ಆಸ್ಪತ್ರೆಯಲ್ಲಿ ಅಜ್ಜ ಬಿಳಿ ಬಟ್ಟೆಯೊಳಗೆ ಕಣ್ಣು ಮುಚ್ಚಿ ಮಲಗಿದ್ದ. ತುಟಿ ಮಾತ್ರ ಆಡುತ್ತಿತ್ತು.

"ಪದ್ಯ ಹೇಳ್ತಿದ್ದಾನೆ," ಎಂದಳು ಮಗಳು. "ಬಾಯಿಪಾಠ ಸಾವಿರಾರು ಇವೆ. ಗಂಟಲು ಬೆಂದಿದೆ, ಸದ್ದು ಬರಲ್ಲ. ಇನ್ನು ಬರೋದೂ ಇಲ್ಲ ಅಂದ್ರು ಡಾಕ್ಟ್ರು."

"ಶೆಡ್ಡಿನಲ್ಲಿ ಯಾರಿಗೆ ಹೇಳ್ತಿದ್ದ?"

"ನೂಲುಗಣ್ಣಣ್ಣನಿಗೆ. ಆರು ವರ್ಷದಿಂದ, ಊಟದ ಹೊತ್ತಲ್ಲಿ. ಅಪ್ಪ ಶುರುಮಾಡಿದ್ರೆ ಕಣ್ಣು ತೆರೆಯಲ್ಲ ಸಾರ್. ಪಕ್ಕದಲ್ಲಿ ಆನೆ ಹಾದುಹೋದ್ರೂ ತಿಳಿಯಲ್ಲ."

ಇನ್ಸ್‌ಪೆಕ್ಟರ್ ಪೆನ್ನು ತಡೆದರು.

"ಈಚೆಗೆ ಅವರಿಬ್ಬರ ನಡುವೆ ಏನಾದ್ರೂ ಮಾತು?"

"ಏನಿಲ್ಲ. ಎರಡು ವಾರದಿಂದ ಒಂದೇ ಜಗಳ. ಹೊರಗೆ ಮರದ ಕೆಳಗೆ ಮಲ್ಕೋ, ಶೆಡ್ಡಿನಲ್ಲಿ ಸೆಖೆ ಅಂತ ಅಣ್ಣ ದಿನಾ ಕಾಡ್ತಿದ್ದ. ಒಂದು ದಿನ ಮಂಚಾನೇ ಎಳ್ಕೊಂಡು ಹೊರಟಿದ್ದನಂತೆ. ಅಪ್ಪ ನಕ್ಕು ನಕ್ಕು ಹೇಳ್ತಿದ್ದ, ನನ್ನ ಸೊಸೆಗೂ ಇಷ್ಟು ಕಾಳಜಿ ಇಲ್ಲ ಅಂತ." ಅವಳು ಕಣ್ಣೊರೆಸಿಕೊಂಡಳು. "ಅಣ್ಣ ಎರಡು ರಾತ್ರಿಯೂ ಹೊರಗಿನ ಆ ಬೆಂಚಿನ ಮೇಲೇ ಕೂತಿದ್ದ. ಒಳಗೆ ಬಾ ಅಂದ್ರೆ ಮಾತ್ರ ಬರಲಿಲ್ಲ."

ಶುಕ್ರವಾರ ಬೆಳಿಗ್ಗೆ ಹತ್ತು ನಲವತ್ತು. ನೂಲುಗಣ್ಣ ಬೇಲಿಯ ಪಕ್ಕದಲ್ಲಿ ಯಂತ್ರ ತಳ್ಳುತ್ತಿದ್ದ. ಹತ್ತಿರ ಹೋಗುವವರೆಗೂ ಸದ್ದು ಕೇಳಿಸಲಿಲ್ಲ. ಐವತ್ತರ ಆಸುಪಾಸಿನ ಬಡಕಲು ಮನುಷ್ಯ. ಎಡಗೈಗೆ ಬಟ್ಟೆ ಸುತ್ತಿತ್ತು. ಪೊಲೀಸರನ್ನು ಕಂಡು ಓಡಲಿಲ್ಲ. ಬಹಳ ಹೊತ್ತಿನಿಂದ ಕಾದಿದ್ದ ನೆಂಟರು ಬಂದಂತೆ ತಲೆಯಾಡಿಸಿದ.

"ಇದೊಂದು ಸಾಲು ಮುಗಿಸಿಬಿಡಲಾ ಸಾರ್?"

ಹೆಡ್ ಕಾನ್‌ಸ್ಟೇಬಲ್ ಇನ್ಸ್‌ಪೆಕ್ಟರ್ ಮುಖ ನೋಡಿದ. ಅವರು ಒಂದು ಹೆಜ್ಜೆ ಬದಿಗೆ ಸರಿದರು. ಸಾಲು ಮುಗಿಯಿತು, ಅಂಚು ನೆಟ್ಟಗಿತ್ತು. ಅವನು ಬ್ಯಾಟರಿ ಬಿಚ್ಚಿ ಎರಡೂ ಕೈಯಲ್ಲಿ ಕೊಟ್ಟ. ಉದ್ಯಾನದ ನಂಬರಿನ ಚೀಟಿ ಕಿತ್ತ ಅಂಟು ಇನ್ನೂ ಮೇಲಿತ್ತು.

ಹೇಳಿಕೆಯನ್ನು ಠಾಣೆಯಲ್ಲಿ ಬರೆದುಕೊಂಡರು.

"ಯಾವಾಗ ಬದಲಾಯಿಸಿದೆ?"

"ಒಂಬತ್ತನೇ ತಾರೀಖು. ಊಟದ ಹೊತ್ತು. ಅಜ್ಜ ಪದ್ಯ ಹೇಳ್ತಿದ್ದ. ಕಣ್ಣು ಮುಚ್ಚಿದ್ದ."

"ನಂಬರಿನ ಚೀಟಿ?"

"ಅದರದ್ದು ಕಿತ್ತು ನನ್ನದಕ್ಕೆ ಅಂಟಿಸಿದೆ. ಹೂಂ, ಹೂಂ ಅಂತಾನೇ ಇದ್ದೆ ಸಾರ್. ನಿಲ್ಲಿಸಿದ್ರೆ ಕಣ್ಣು ತೆರೀತಾನಲ್ಲ."

"ನಿನ್ನ ಬ್ಯಾಟರಿ ಉಬ್ಬಿತ್ತಾ?"

"ಸ್ವಲ್ಪ."

"ಶೆಡ್ಡಿನ ಚಾರ್ಜರ್ ವೇಗದ್ದು. ಅಪಾಯ ಅಂತ ಗೊತ್ತಿತ್ತು."

"ಗೊತ್ತಿತ್ತು. ಒಂದು ತಿಂಗಳು, ಹೇಗಾದ್ರೂ ಹೊಸದು ತಂದು ವಾಪಸ್ ಇಡ್ತೀನಿ ಅಂದ್ಕೊಂಡೆ. ಇನ್ನೊಂದು ಅರ್ಧ ಬಿದ್ದಿದ್ರೆ ತುಂಡು ಹೋಗ್ತಿತ್ತು. ನನಗೆ ಬೇರೆ ಕೆಲಸ ಬರಲ್ಲ ಸಾರ್. ಹುಲ್ಲೊಂದೇ ಬರೋದು." ಅವನು ಮೇಜಿನ ಅಂಚನ್ನು ಸವರಿದ. "ಹೊರಗೆ ಮಲ್ಕೋ ಅಂತ ದಿನಾ ಕಾಲು ಹಿಡಿದೆ. ಕೇಳಲಿಲ್ಲ."

"ಯಾಕೆ ಅಂತ ಹೇಳಿದ್ರೆ ಕೇಳ್ತಿದ್ದ."

ಇನ್ಸ್‌ಪೆಕ್ಟರ್ ಮೂರು ದಿನದಿಂದ ತಮ್ಮನ್ನು ಕೊರೆಯುತ್ತಿದ್ದ ಕೊನೆಯ ಪ್ರಶ್ನೆಗೆ ಬಂದರು.

"ಕದಿಯೋನು ಕದ್ದು ಹೋಗಬೇಕಿತ್ತು. ಕೆಟ್ಟದ್ದನ್ನ ಯಾಕೆ ಅಲ್ಲಿಟ್ಟೆ?"

ನೂಲುಗಣ್ಣ ಮೊದಲ ಸಲ ತಲೆಯೆತ್ತಿದ.

"ಹನ್ನೊಂದೇ ಇದ್ದಿದ್ರೆ ಎಣಿಕೆ ತಪ್ಪುತ್ತಿತ್ತಲ್ಲ ಸಾರ್. ಅಜ್ಜನ ತಲೆ ಮೇಲೆ ಬರ್ತಿತ್ತು."

ಬರೆಯುತ್ತಿದ್ದ ಕಾನ್‌ಸ್ಟೇಬಲ್ ಪೆನ್ನು ನಿಲ್ಲಿಸಿದ. "ಇದನ್ನೂ ಬರೀಲಾ ಸರ್?"

"ಬರೆ."

ಸಂಜೆ ನಾಲ್ಕಕ್ಕೆ ವರದಿ ಉದ್ಯಾನದ ಆಫೀಸಿಗೆ ತಲುಪಿತು. ಅದರಲ್ಲಿ ಅಜ್ಜನ ಹೆಸರಿನ ಮುಂದೆ 'ಗಾಯಾಳು' ಎಂದಷ್ಟೇ ಇತ್ತು. ನಾಲ್ಕೂವರೆಗೆ ಆಸ್ಪತ್ರೆ ಕಾಗದಕ್ಕೆ ಸಹಿ ಬಿತ್ತು. ಜಪ್ತಿ ಪಂಚನಾಮೆಯ ಕೊನೆಯ ಸಾಲನ್ನು ಹೆಡ್ ಕಾನ್‌ಸ್ಟೇಬಲ್ ತಾನೇ ಬರೆದಿದ್ದ: ಬ್ಯಾಟರಿ ಒಂದು, ಸುಸ್ಥಿತಿಯಲ್ಲಿದೆ, ಚಾರ್ಜ್ ತೋರಿಸುವ ನಾಲ್ಕು ದೀಪಗಳಲ್ಲಿ ಮೂರು ಇನ್ನೂ ಉರಿಯುತ್ತಿವೆ.