ಸಂಜೆ ನಾಲ್ಕರ ಸಾಲು

ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಮನುಷ್ಯನಿಗೆ ತನ್ನದೇ ಸಾವಿನ ಬಗ್ಗೆ ದೂರು ಕೊಡಬೇಕಿತ್ತು. ಐವತ್ತರ ಆಸುಪಾಸಿನ ಔಷಧಿ ಅಂಗಡಿಯವನು. ಇಸ್ತ್ರಿ ಮಾಡಿದ ಅಂಗಿ, ಗುಂಡಿಗಳು ಮಾತ್ರ ಒಂದೊಂದು ಮನೆ ತಪ್ಪಿದ್ದವು. ಜೊತೆಗೆ ಹೆಂಡತಿ.

"ನಿನ್ನೆಯಿಂದ ಜನ ಫೋನ್ ಮಾಡಿ ನನಗೆ ಸಮಾಧಾನ ಹೇಳ್ತಿದಾರೆ, ಮೇಡಂ," ಎಂದಳು ಹೆಂಡತಿ. "ಪಕ್ಕದ ಮನೆಯವರು ಫೋನ್ ಮಾಡಿದಾಗ ಇವರೇ ಎತ್ತಿ ಹಲೋ ಅಂದ್ರು. ಆ ಕಡೆ ಅವರು ಕಿರುಚಿಬಿಟ್ರು."

ಇನ್‌ಸ್ಪೆಕ್ಟರ್ ನಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ನಗು ನುಂಗಲು ಕೆಮ್ಮಿದ. ಬಾಗಿಲಿನಷ್ಟೇ ಎತ್ತರದ ಆಳು; ಠಾಣೆಯವರೆಲ್ಲ ಅವನನ್ನು ಏಣಿ ಎಂದೇ ಕರೆಯುತ್ತಿದ್ದರು.

ದೂರುದಾರ ಮೊಬೈಲಿನಲ್ಲಿ ಯಾರೋ ಕಳಿಸಿದ್ದ ಒಂದು ಫೋಟೊ ತೋರಿಸಿದ. ವಿದ್ಯುತ್ ಚಿತಾಗಾರದ ಕಾಯುವ ಹಜಾರ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ, ಯಾರ ದೇಹ ಎಷ್ಟು ಹೊತ್ತಿಗೆ ಒಳಗೆ ಹೋಗುತ್ತದೆ ಎಂಬ ವಿವರ. ಕೊನೆಯ ಸಾಲಿನಲ್ಲಿ ಅವನ ಹೆಸರು, ಅವನ ವಯಸ್ಸು, ಈ ದಿನದ ತಾರೀಖು, ಸಂಜೆ ನಾಲ್ಕು ಗಂಟೆ.

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ."

"ಜಗಳ? ಹಳೇ ದ್ವೇಷ?"

"ಅಂಗಡಿ ಬಿಟ್ರೆ ಮನೆ, ಮನೆ ಬಿಟ್ರೆ ಅಂಗಡಿ. ನಂಗ್ಯಾರು ಶತ್ರು?"

ಹೆಂಡತಿ ಗಂಡನ ಮುಖ ನೋಡಿದಳು.

"ನಾಲ್ಕರೊಳಗೆ ಯಾರು ಅಂತ ಕಂಡುಹಿಡೀರಿ, ಮೇಡಂ," ಎಂದ ಅವನು. "ಆಮೇಲೆ ಕಂಡುಹಿಡಿದು ನನಗೇನು ಬಂತು?"

ಜೀವ ಬೆದರಿಕೆ, ಸರ್ಕಾರಿ ಕಂಪ್ಯೂಟರಿನ ದುರ್ಬಳಕೆ ಎಂದು ಎಫ್ಐಆರ್ ದಾಖಲಾಯಿತು. ದೂರುದಾರ ಠಾಣೆ ಬಿಟ್ಟು ಹೊರಡಲು ಒಪ್ಪಲಿಲ್ಲ. ಗಂಡಹೆಂಡತಿಯನ್ನು ಒಳಕೋಣೆಯಲ್ಲಿ ಕೂರಿಸಿ, ಇನ್‌ಸ್ಪೆಕ್ಟರ್ ಮತ್ತು ಏಣಿ ಜೀಪು ಹತ್ತಿದರು.

ಚಿತಾಗಾರದ ಹಜಾರದಲ್ಲಿ ಫಿನಾಯಿಲಿನ ವಾಸನೆ. ಸಾಲು ಕುರ್ಚಿಗಳಲ್ಲಿ ಕೂತವರೆಲ್ಲ ಬಸ್ಸಿಗೆ ಕಾಯುವವರಂತೆ ಪರದೆ ನೋಡುತ್ತಿದ್ದರು. ಗಾಜಿನ ಆಚೆ ಕಚೇರಿ. ಅಲ್ಲಿನ ಕಂಪ್ಯೂಟರಿನಲ್ಲಿ ಬರೆದದ್ದು ಹಜಾರದ ಪರದೆಯಲ್ಲಿ ಕಾಣುತ್ತದೆ. ಕಂಪ್ಯೂಟರಿನ ಮುಂದೆ ಸ್ವೆಟರ್ ಹಾಕಿದ ಗುಮಾಸ್ತೆ.

"ನಿನ್ನೆಯಿಂದ ಅಳಿಸ್ತಾನೇ ಇದೀನಿ," ಎಂದಳು. "ಅಳಿಸಿದ್ರೆ ಮತ್ತೆ ಬರುತ್ತೆ. ಹೆಣ ಬಂದಿಲ್ಲ, ಕಡೆಯವರೂ ಬಂದಿಲ್ಲ. ಪುಣ್ಯಾತ್ಮನಿಗೆ ಸತ್ತ ಮೇಲೂ ಏನು ಅವಸರವೋ."

"ಅವರು ಸತ್ತಿಲ್ಲ. ನಮ್ಮ ಠಾಣೆಯಲ್ಲಿ ಕೂತಿದಾರೆ."

ಗುಮಾಸ್ತೆ ಬಿಸಿ ಪಾತ್ರೆ ಮುಟ್ಟಿದವಳಂತೆ ಮೌಸ್‌ನಿಂದ ಕೈ ತೆಗೆದಳು.

"ಈಗ ಒಂದ್ಸಲ ಅಳಿಸಿ," ಎಂದರು ಇನ್‌ಸ್ಪೆಕ್ಟರ್.

ಅಳಿಸಿದಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಮೂವರೂ ಕಾದರು. ಪರದೆಯ ಮೂಲೆಯಲ್ಲಿ ಬಾಣದ ಗುರುತು ಸುಮ್ಮನಿತ್ತು.

ಆಮೇಲೆ ಅದು ಹೊರಟಿತು. ಅವಸರವಿಲ್ಲದೆ ಒಂದೊಂದು ಹೆಸರಿನ ಪಕ್ಕದಲ್ಲಿ ಹಾದು, ನೆಲದ ಮೇಲೆ ಮಲಗಿರುವವರ ನಡುವೆ ಯಾರೋ ಎಚ್ಚರಿಕೆಯಿಂದ ಹೆಜ್ಜೆ ಇಡುವಂತೆ ಕೆಳಗಿಳಿದು, ಕೊನೆಯ ಸಾಲಿನಲ್ಲಿ ನಿಂತಿತು. ಅಕ್ಷರಗಳು ಒಂದರ ಹಿಂದೊಂದು ಮೂಡಿದವು. ಗಾಜಿನ ಆಚೆ ಎಲ್ಲ ತಲೆಗಳೂ ಒಟ್ಟಿಗೆ ಮೇಲೆದ್ದವು.

"ಇವರ ಕಡೆಯವರು ಇನ್ನೂ ಬಂದಿಲ್ವಲ್ಲ, ಪಾಪ!" ಎಂದು ಮುದುಕರೊಬ್ಬರು ಗಟ್ಟಿಯಾಗಿ ಹೇಳಿದರು.

ಏಣಿ ಬಗ್ಗಿ ಮೌಸ್‌ನ ವೈರು ಕಿತ್ತ. ಬಾಣ ನಿಲ್ಲಲಿಲ್ಲ. "ಮೇಡಂ, ನನ್ನ ಟ್ರಾಫಿಕ್ಕಿಗೆ ಹಾಕ್ಬಿಡಿ," ಎನ್ನುತ್ತ ಇಂಟರ್‌ನೆಟ್ ವೈರಿಗೆ ಕೈ ಚಾಚಿದ.

"ಅದನ್ನ ಮುಟ್ಟಬೇಡ. ಕಿತ್ತರೆ ದೂರದಿಂದ ಇದನ್ನ ನಡೆಸ್ತಿರೋನು ಹೊರಟುಹೋಗ್ತಾನೆ. ಈಗ ಇಲ್ಲೇ ಇದಾನೆ."

ಇನ್‌ಸ್ಪೆಕ್ಟರ್ ಗುಮಾಸ್ತೆಯ ಕುರ್ಚಿಯಲ್ಲಿ ಕೂತರು. ಮೌಸ್ ಮತ್ತೆ ಸಿಕ್ಕಿಸಿ, ಕೊನೆಯ ಸಾಲಿನ ಹೆಸರು ಅಳಿಸಿ, ಆ ಜಾಗದಲ್ಲಿ ಬರೆದರು: ಯಾರು?

ಹಜಾರದ ಪರದೆಯಲ್ಲಿ ಸಂಜೆ ನಾಲ್ಕಕ್ಕೆ ಒಳಗೆ ಹೋಗಬೇಕಾದವರ ಹೆಸರು 'ಯಾರು?' ಎಂದಾಯಿತು. ಒಬ್ಬಾಕೆ ಅದನ್ನು ಬಾಯಿಬಿಟ್ಟು ಓದಿದಳು. ಯಾರೂ ನಗಲಿಲ್ಲ.

ಬಾಣ ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ಪ್ರಶ್ನೆ ಹಿಂದಿನಿಂದ ಅಳಿಸಿಕೊಂಡು ಹೋಯಿತು. ಆ ಜಾಗದಲ್ಲಿ ಏನೂ ಬರಲಿಲ್ಲ. ಸಂಜೆ ನಾಲ್ಕು ಎಂಬುದಷ್ಟೇ ಉಳಿಯಿತು.

"ಇದೇನು?"

"ಖಾಲಿ ಸಾಲು," ಎಂದಳು ಗುಮಾಸ್ತೆ, ದನಿ ತಗ್ಗಿಸಿ. "ಅಪರೂಪಕ್ಕೆ ಕೆಲವರು ಹೆಸರು ಹಾಕಬೇಡಿ ಅಂತಾರೆ. ಆಗ ಸಮಯ ಮಾತ್ರ ಬರೆದು ಖಾಲಿ ಬಿಡ್ತೀವಿ."

"ಯಾಕೆ ಬೇಡ ಅಂತಾರೆ?"

"ಯಾರಿಗೋ ಗೊತ್ತಾಗಬಾರದು ಅಂತ."

"ಸಂಜೆ ನಾಲ್ಕಕ್ಕೆ ಹಾಗೆ ಬಿಟ್ಟಿದ್ದು ನೆನಪಿದೆಯಾ?"

"ಹೋದ ತಿಂಗಳು. ಒಬ್ಬ ಹೊಲಿಗೆ ಟೀಚರಮ್ಮ. ಅವರ ಮಗ ಕೇಳ್ಕೊಂಡ. ಔಷಧಿ ಅಂಗಡಿಯವನು..." ಇನ್‌ಸ್ಪೆಕ್ಟರ್ ಠಾಣೆಯಲ್ಲಿ ತೆಗೆದುಕೊಂಡಿದ್ದ ದೂರುದಾರನ ಫೋಟೊ ಮುಂದೆ ಹಿಡಿದರು. "ಅಯ್ಯೋ, ಇವನೇ!"

"ಈ ಕಂಪ್ಯೂಟರನ್ನ ಬೇರೆ ಕಡೆಯಿಂದ ನಡೆಸೋಕೆ ಯಾರಿಗೆ ಸಾಧ್ಯ?"

"ರಿಪೇರಿ ಕಂಪನಿಯವನಿಗೆ. ಕೆಟ್ಟರೆ ಅಲ್ಲಿ ಕೂತೇ ಸರಿಮಾಡ್ತಾನೆ. ಮುಖ ನೋಡಿಲ್ಲ, ದನಿ ಗೊತ್ತು. ಫೋನ್ ಮಾಡಿದಾಗೆಲ್ಲ 'ಅಕ್ಕಾ, ಊಟ ಆಯ್ತಾ' ಅನ್ನೋನು. ಈಗ ಅನ್ನಲ್ಲ."

"ಯಾವಾಗಿಂದ?"

ಗುಮಾಸ್ತೆ ಯೋಚಿಸಿದಳು. "ಟೀಚರಮ್ಮನ ಸಾಲು ಆವತ್ತು ಇದ್ದಕ್ಕಿದ್ದಂತೆ ಮಾಯವಾಗಿತ್ತು. ಅವರ ಸರದಿ ತಪ್ಪಿಹೋಗಿ ಮಗ ನನ್ನ ಮೇಲೆ ಹಾರಾಡಿದ. ಹೋದ ವಾರ ಅದು ನೆನಪಾಗಿ ರಿಪೇರಿಯವನಿಗೆ ಬೈದೆ. ಅದು ಯಾರ ಸಾಲು ಅಂತ ಕೇಳಿದ. ಹೇಳಿದೆ. ಫೋನ್ ಇಟ್ಟುಬಿಟ್ಟ."

ಶವವಾಹನದ ಚಾಲಕ, ಕುಲುಮೆ ನಡೆಸುವವ, ಇಬ್ಬರನ್ನು ಪಂಚರಾಗಿ ಕರೆದು ಪಂಚನಾಮೆ ಬರೆದದ್ದಾಯಿತು. "ಬದುಕಿರೋರ ವಿಷಯಕ್ಕೆ ಇಲ್ಲಿ ಸಹಿ ಹಾಕ್ತಿರೋದು ಇದೇ ಮೊದಲು," ಎಂದ ಚಾಲಕ.

ಇನ್‌ಸ್ಪೆಕ್ಟರ್ ಠಾಣೆಗೆ ಫೋನ್ ಮಾಡಿ ದೂರುದಾರನ ಕೈಗೆ ಫೋನ್ ಕೊಡಿಸಿದರು.

"ನಿಮ್ಮ ತಾಯಿ ಹೆಸರು ಪರದೆಯಲ್ಲಿ ಬೇಡ ಅಂದಿದ್ರಾ?"

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

"ಯಾರಿಗೆ ಗೊತ್ತಾಗಬಾರದಿತ್ತು?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

ಫೋನ್ ಕೈ ಬದಲಾಯಿತು. "ಮೈದುನನಿಗೆ, ಮೇಡಂ," ಎಂದಳು ಹೆಂಡತಿ. "ಅಣ್ಣತಮ್ಮ ಮಾತು ಬಿಟ್ಟು ವರ್ಷಗಳಾಯ್ತು. ಹಾಲ್‌ನಲ್ಲಿ ಯಾರಾದ್ರೂ ಹೆಸರು ನೋಡಿ ಅವನಿಗೆ ಸುದ್ದಿ ಮುಟ್ಟಿಸ್ತಾರೆ, ಅವನು ಬಂದು ಹೆಣದ ಮುಂದೆ ರಂಪ ಮಾಡ್ತಾನೆ ಅಂತ ಇವರು..."

"ಮೈದುನ ಏನು ಮಾಡ್ತಾರೆ?"

"ಎಂಥದೋ ಕಂಪ್ಯೂಟರ್ ರಿಪೇರಿ."

ರಿಪೇರಿ ಕಂಪನಿ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೂರು ಗಂಟೆ ದಾಟಿತ್ತು. ಉದ್ದನೆಯ ಕೋಣೆ, ಗೋಡೆ ತುಂಬ ಚಿಕ್ಕ ಪರದೆಗಳು: ಬಸ್ ನಿಲ್ದಾಣದ್ದು, ಆಸ್ಪತ್ರೆಯ ಟೋಕನ್‌ನದ್ದು, ಚಿತಾಗಾರದ್ದು. ಪಟ್ಟಣ ಕತ್ತೆತ್ತಿ ನೋಡುವುದೆಲ್ಲ ಅಲ್ಲಿತ್ತು. ಕತ್ತೆತ್ತಿ ಕಾಯುವವರು ಮಾತ್ರ ಇರಲಿಲ್ಲ. ಒಂದೇ ಕುರ್ಚಿ. ಅದರಲ್ಲಿ ಕೂತವನಿಗೆ ದೂರುದಾರನದ್ದೇ ಗದ್ದ.

ಅವನ ಮುಂದೆ ನಾಲ್ಕರ ಸಾಲು ಇನ್ನೂ ಖಾಲಿಯಿತ್ತು.

"ಯಾರು ಅಂತ ಕೇಳಿದ್ದು ನೀವಾ?" ಎಂದ, ತಿರುಗದೆ.

"ನಾನೇ. ಕೈ ತೆಗಿ."

ತೆಗೆದ.

"ಅಣ್ಣನಿಗೆ ಏನು ಮಾಡ್ಬೇಕು ಅಂತಿದ್ದೆ?"

"ಏನೂ ಇಲ್ಲ."

"ಬೇರೆ ಯಾರಿಗಾದ್ರೂ ಹೇಳಿದೀಯಾ?"

"ನನ್ನ ಮಾತು ಯಾರು ಕೇಳ್ತಾರೆ, ಮೇಡಂ?"

"ಹಾಗಾದ್ರೆ ನಾಲ್ಕಕ್ಕೆ ಏನಾಗುತ್ತೆ?"

"ಏನೂ ಆಗಲ್ಲ. ನಾಲ್ಕೂಕಾಲಿಗೆ ಸಾಲು ತಾನಾಗೇ ಹೋಗುತ್ತೆ."

"ಮತ್ತೆ ಯಾಕೆ?"

ಅವನು ಕುರ್ಚಿಯ ಕೈ ಸವರಿದ. "ಆವತ್ತು ನಾನು ಇಲ್ಲೇ ಕೂತಿದ್ದೆ. ಆ ಸಾಲು ಖಾಲಿ ಕಂಡ್ತು. ಖಾಲಿ ಸಾಲು ಕಂಡ್ರೆ ಅಳಿಸೋದು ನಮ್ಮ ಅಭ್ಯಾಸ. ಬಸ್ಸಿನದಾದ್ರೂ ಅಷ್ಟೆ, ಆಸ್ಪತ್ರೆದಾದ್ರೂ ಅಷ್ಟೆ. ಅಳಿಸಿದೆ. ಕೆಳಗಿನವರನ್ನ ಮೇಲಕ್ಕೆ ತಂದೆ. ಟೀ ಕುಡಿಯೋಕೆ ಹೋದೆ." ಖಾಲಿ ಸಾಲಿನ ಕಡೆ ನೋಡಿ, "ಅಮ್ಮ ನನ್ನ ಕೈ ಕೆಳಗೇ ಹೋದಳು, ಮೇಡಂ," ಎಂದ.

ಏಣಿ ತೆಗೆದಿದ್ದ ಬೇಡಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಮೂರೂವರೆಗೆ ಆರೋಪಿಯನ್ನು ಬಂಧಿಸಲಾಯಿತು.

ಠಾಣೆಯಲ್ಲಿ ಯಾರೆಂದು ತಿಳಿದಾಗ ಔಷಧಿ ಅಂಗಡಿಯವನ ಭುಜಗಳು ಇಳಿದವು. "ಅವನಾ? ಅವನು ಇರುವೆ ತುಳಿಯೋನಲ್ಲ. ಕೇಸು ಬೇಡ ಬಿಡಿ, ಮೇಡಂ."

"ಎಫ್ಐಆರ್ ಆಗಿದೆ. ಇನ್ನು ಕೋರ್ಟಿಗೆ ಬಿಟ್ಟದ್ದು."

ತಮ್ಮನನ್ನು ಎದುರಿನ ಬೆಂಚಿನಲ್ಲಿ ಕೂರಿಸಿದ್ದರು. ನಾಲ್ಕು ಗಂಟೆ ಬಂತು, ಹೋಯಿತು. ಯಾರೂ ಗಮನಿಸಲಿಲ್ಲ.

"ಅಮ್ಮ ಕೊನೇಲಿ ನನ್ನ ಕೇಳಿದ್ಲಾ?" ಎಂದ ತಮ್ಮ.

"ಕೇಳಿದ್ಲು."

"ನೀನೇನಂದೆ?"

"ಊರಲ್ಲಿಲ್ಲ ಅಂದೆ."

ತಮ್ಮ ತಲೆಯಾಡಿಸಿದ, ವಿಳಾಸ ಕೇಳಿ ತಿಳಿದುಕೊಂಡವನಂತೆ. ಅಣ್ಣ ಗೋಡೆ ಕಡೆ ತಿರುಗಿದ. ಹೆಂಡತಿ ಅವನ ಪಕ್ಕದಿಂದ ಎದ್ದು ಕಿಟಕಿಯ ಬಳಿ ಹೋಗಿ ನಿಂತಳು.

ಇನ್‌ಸ್ಪೆಕ್ಟರ್ ವರದಿಯಲ್ಲಿ ಕಾರಣ ಎಂಬಲ್ಲಿ ಮೊದಲು 'ಹಳೆಯ ದ್ವೇಷ' ಎಂದು ಬರೆದು, ಹೊಡೆದುಹಾಕಿ, 'ತಾಯಿಯ ಸಾವನ್ನು ಆರೋಪಿಗೆ ಯಾರೂ ತಿಳಿಸಿರಲಿಲ್ಲ' ಎಂದು ಬರೆದರು. ಏಣಿ ಬೆಂಚಿನ ಮುಂದೆ ಬಗ್ಗಿ, ಬಂಧನದ ವಿವರ ಭರ್ತಿ ಮಾಡತೊಡಗಿದ. ವಯಸ್ಸು. ಉದ್ಯೋಗ. ತಂದೆ ಹೆಸರು.

"ತಾಯಿ ಹೆಸರು?"

ಅಣ್ಣತಮ್ಮ ಇಬ್ಬರೂ ಒಟ್ಟಿಗೆ ಹೇಳಿದರು.